ಹೆಬ್ಬಾವು ಕಾದ ಬಾಗಿಲು

ಇನ್ನು ಮುಂದೆ ನಮ್ಮ ಮನೆಯ ಬಾಗಿಲಿಗೆ ಬುದ್ಧಿ ಇರುತ್ತದೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಿರಾನ್ ಮೂಲಂಗಿ ಹೆಚ್ಚುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಮನೇಲಿ ಒಬ್ಬರಿಗಾದ್ರೂ ಇರ್ಲಿ ಅಂತಾನಾ?"

ಮಹಾಪುರುಷರು ಅಪಹಾಸ್ಯವನ್ನು ಲೆಕ್ಕಿಸುವುದಿಲ್ಲ. ದೇಜೊನ್ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಬಾಗಿಲಿಗೂ ಅಂಕಿ ಒತ್ತುವ ಬೀಗ. ನಮ್ಮ ಅತ್ತೆಗೋ ಅಂಕಿ ತಲೆಯಲ್ಲಿ ನಿಲ್ಲುವುದಿಲ್ಲ. ಬಂದಾಗಲೆಲ್ಲ ನನ್ನ ಆಫೀಸಿಗೆ ಫೋನು! ಆದ್ದರಿಂದ ನಾನು ಆ ಬೀಗ ಕಿತ್ತು, ಅಕ್ಷರದ ಗುಂಡಿಗಳನ್ನೂ ಒಂದು ಪುಟ್ಟ ಪರದೆಯನ್ನೂ ಕೂರಿಸಿದೆ. ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ಪದ. ಪದ ಒತ್ತಿ 'ಸರಿ' ಗುಂಡಿ ಅದುಮಿದರೆ, ಅದು ಪಟ್ಟಿಯಲ್ಲಿದೆಯೇ ಎಂದು ನನ್ನ ಪ್ರೋಗ್ರಾಂ ನೋಡುತ್ತದೆ. ಇದ್ದರೆ ಬಾಗಿಲು ತೆರೆಯುತ್ತದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದು ಒಂದೇ ಸಾಲಿನ ಕೆಲಸ!

"ಪೈಥಾನ್ ಅಂದ್ರೆ ಹೆಬ್ಬಾವಲ್ವೇನ್ರೀ? ಬಾಗಿಲು ಕಾಯೋಕೆ ಜನ ನಾಯಿ ಸಾಕ್ತಾರಪ್ಪ!"

ಭಾನುವಾರ ಬೆಳಿಗ್ಗೆ ನಾನು ಮಲಗಿದ್ದೆ. ಮಿರಾನ್ ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದವಳು ಕಿಟಾರನೆ ಕಿರುಚಿದಳು. ಓಡಿಬಂದೆ. ನಮ್ಮ ಸೋಫಾದ ಮೇಲೆ ಮೇಲಿನ ಮಹಡಿಯ ಗುಮ್‌ಸನ್ ಅಜ್ಜಿ ಕೂತು, ನಮ್ಮ ಟಿವಿ ಹಾಕಿಕೊಂಡು, ನಮ್ಮ ಕಿತ್ತಳೆ ಸುಲಿಯುತ್ತಿದ್ದರು.

"ಯಾರಮ್ಮ ನೀನು?" ಎಂದು ಅಜ್ಜಿಯೇ ಗದರಿಸಿದರು. "ನನ್ನ ಮನೇಲಿ ಸ್ನಾನ ಮಾಡ್ತಿದೀಯಲ್ಲ!"

ಪಾಪ, ಮಹಡಿ ತಪ್ಪಿ ಬಂದಿದ್ದರು. ಆದರೆ ಬಾಗಿಲು?

"ಅಜ್ಜಿ, ಯಾವ ಪದ ಒತ್ತಿದ್ರಿ?"

"ಪದಾನೂ ಇಲ್ಲ, ಹಾಡೂ ಇಲ್ಲ! 'ಸರಿ' ಅಂತ ಇತ್ತು, ಒತ್ತಿದೆ, ತೆಗೀತು."

ತಡಕಾಡಿದ ಮೇಲೆ ವಿಷಯ ತಿಳಿಯಿತು. ನಾನು ಗುಟ್ಟಿನ ಪದಗಳನ್ನೆಲ್ಲ ಅಲ್ಪವಿರಾಮ ಹಾಕುತ್ತ ಒಂದೇ ಉದ್ದ ಸಾಲಾಗಿ ಬರೆದಿದ್ದೆ. ಹೆಬ್ಬಾವಿನ ಕಣ್ಣಿಗೆ ಅದು ಪಟ್ಟಿಯೇ ಅಲ್ಲ, ಬರೀ ಅಕ್ಷರಗಳ ಸರ! ಅದರೊಳಗಿನ ಯಾವ ಚೂರು ಒತ್ತಿದರೂ 'ಇದೆ' ಎನ್ನುತ್ತಿತ್ತು. ಏನೂ ಒತ್ತದಿದ್ದರೆ? 'ಏನೂ ಇಲ್ಲ' ಎಂಬುದು ಎಲ್ಲ ಸಾಲಿನಲ್ಲೂ ಇದ್ದೇ ಇದೆಯಂತೆ!

"ಅಂದ್ರೆ, ಏನೂ ಗೊತ್ತಿಲ್ದೋರಿಗೂ ಬಾಗಿಲು ತೆಗಿಯತ್ತೆ?" ಎಂದಳು ಮಿರಾನ್.

"ಒಂದು ರೀತೀಲಿ ಹೌದು..."

"ಅದಕ್ಕೇ ಇಷ್ಟು ದಿನ ನಿಮಗೂ ತೆಗೀತಿತ್ತು!"

ಸ್ವಾಭಿಮಾನಕ್ಕೆ ಪೆಟ್ಟು! ಆಗಿಂದಾಗಲೇ ಕೂತು, ಪ್ರತಿ ಅಲ್ಪವಿರಾಮದ ಹತ್ತಿರ ಸಾಲನ್ನು ಕತ್ತರಿಸಿ ನಿಜವಾದ ಪಟ್ಟಿ ಮಾಡಿದೆ. ಇನ್ನು ಪದ ಪೂರ್ತಿ ಹೊಂದಲೇಬೇಕು. ನನ್ನ ಪದ ಒತ್ತಿ ನೋಡಿದೆ. ಟಕ್! ತೆರೆಯಿತು. ಮೀಸೆ ಇಲ್ಲದಿದ್ದರೂ ತಿರುವಿಕೊಂಡೆ.

ಮರುದಿನ ಆಫೀಸಿನಲ್ಲಿದ್ದಾಗ ಮಿರಾನಳ ಫೋನು.

"ಅಮ್ಮ ಕಿಮ್ಚಿ ಉಪ್ಪಿನಕಾಯಿ ಡಬ್ಬ ಹೊತ್ಕೊಂಡು ಬಂದು ಹೊರಗೇ ನಿಂತಿದಾರೆ. ನಾನೂ ಹೊರಗೇ! ಬರ್ತೀರೋ, ಸುತ್ತಿಗೆ ತರಲೋ?"

ಬಿದ್ದಂಬೀಳ ಓಡಿದೆ. ಬಾಗಿಲ ಮುಂದೆ ಗುಮ್‌ಸನ್ ಅಜ್ಜಿ ಹಾಕಿಕೊಟ್ಟ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಇಬ್ಬರೂ ಬಾರ್ಲಿ ಚಹಾ ಕುಡಿಯುತ್ತ ಆಗಲೇ ಜನ್ಮದ ಗೆಳತಿಯರಾಗಿದ್ದರು.

"ನಾನು ಬರೋದು ಇಷ್ಟ ಇಲ್ಲಾಂದ್ರೆ ಬಾಯ್ಬಿಟ್ಟು ಹೇಳ್ಬಹುದಿತ್ತು, ಅಳಿಯಂದ್ರೇ" ಎಂದರು ಅತ್ತೆ.

"ಅಯ್ಯೋ ಅತ್ತೆ! 'ಬೆಳ್ಳುಳ್ಳಿ' ಅಂತಾನೇ ಒತ್ತಿದ್ರಾ?"

"ಬೆರಳು ಬೆಳ್ಳುಳ್ಳಿ ಥರ ಊದ್ಕೊಳ್ಳೋ ತನಕ!"

"ನನ್ನ ಪದಾನೂ ನಡೀಲಿಲ್ಲ" ಎಂದು ಮಿರಾನ್ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮದು ಒತ್ತಿ, ನೋಡೋಣ."

ಪದ ಯಾರಿಗೂ ಕಾಣದಂತೆ ಮೈಯನ್ನೇ ಅಡ್ಡ ಹಿಡಿದು ಒತ್ತಿದೆ. ತೆರೆಯದಿರಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಟಕ್ಕನೆ ತೆರೆಯಿತು! ಪರದೆಯ ಮೇಲೆ ದಪ್ಪಕ್ಷರ ಹೊಳೆಯಿತು: 'ಮಹಾರಾಜರಿಗೆ ಸ್ವಾಗತ!'

ಅಜ್ಜಿ ಸೊರ್ ಎಂದು ಚಹಾ ಹೀರಿದರು.

"ಅದು ಏನಾಯ್ತಂದ್ರೆ ಅತ್ತೆ, ಪ್ರತಿ ಅಲ್ಪವಿರಾಮ ಆದ್ಮೇಲೆ ಒಂದು ಖಾಲಿ ಜಾಗ ಬಿಟ್ಟಿದ್ದೆ. ಕತ್ತರಿಸಿದಾಗ ಅದು ನಿಮ್ಮೆಲ್ಲರ ಪದದ ತಲೆಗೆ ಅಂಟ್ಕೊಂಡ್ಬಿಟ್ಟಿದೆ. ಮೊದಲನೇ ಪದಕ್ಕಿಂತ ಮುಂಚೆ ಅಲ್ಪವಿರಾಮ ಇರಲ್ಲ ನೋಡಿ, ಅದೊಂದು ಉಳೀತು..."

"ಮೊದಲನೇದು ಯಾರದ್ದು?" ಎಂದಳು ಮಿರಾನ್.

"ನಂದು."

"ತಲೇಲಿ ಖಾಲಿ ಜಾಗ ಇರೋದು ಯಾರಿಗೆ ಅಂತ ಗೊತ್ತಾಯ್ತು, ನಡೀರಿ ಒಳಗೆ!"

ಅಂದೇ ಹಳೆಯ ಅಂಕಿಯ ಬೀಗ ಸ್ವಸ್ಥಾನಕ್ಕೆ ಮರಳಿತು. ಹೊಸ ಅಂಕಿಯನ್ನು ಮಿರಾನ್ ಇಟ್ಟಳು, ಅಮ್ಮನ ಅಂಗೈಯಲ್ಲಿ ಪೆನ್ನಿನಿಂದ ಬರೆದೂ ಕೊಟ್ಟಳು. ಅತ್ತೆಯ ಜೊತೆ ಇಸ್ಪೀಟಾಡಲು ಬರುವ ಅಜ್ಜಿಗೂ ಹೇಳಿದಳು. ನನಗೆ ಮಾತ್ರ, "ನೋಡೋಣ."

ಮರುದಿನ ಸಂಜೆ ನಾನು ನನ್ನದೇ ಮನೆಯ ಗಂಟೆ ಒತ್ತಿ ನಿಂತೆ. ಕೈತುಂಬ ಇಸ್ಪೀಟೆಲೆ ಹಿಡಿದು ಬಾಗಿಲು ತೆರೆದವರು ಗುಮ್‌ಸನ್ ಅಜ್ಜಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಮುಖ ಮಾಡಿ ಕೂಗಿದರು.

"ಮಿರಾನಮ್ಮಾ, ಯಾರೋ ಬಂದಿದಾರೆ. ಬಿಡ್ಲಾ?"

ಒಳಗಿನಿಂದ ಉತ್ತರ ಬಂತು.

"ಏನಾದ್ರೂ ಮಾರೋಕೆ ಬಂದಿದ್ರೆ ಬೇಡ ಅಂದ್ಬಿಡಿ ಅಜ್ಜಿ!"