ಆಷಾಢದ ಹಲಸು ಮತ್ತು ನಾನು ಗೆದ್ದ ವಾದ

ವಾದ ಮಾಡುವವನಿಗೆ ಎದುರಾಳಿ ಎಂಥವನಾದರೂ ಪರವಾಗಿಲ್ಲ, ಸ್ವಂತ ಹೊಟ್ಟೆ ಮಾತ್ರ ಆಗಬಾರದು. ನಿಮ್ಮ ಮಾತು ಮುಗಿಯುವ ತನಕ ಅದು ಕಾಯುವುದಿಲ್ಲ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಬೆಳ್ಳಿಯ ಲೋಟ ಗೆದ್ದು ತಂದವನು ನಾನು. ಅವ್ವ ಈಗ ಅದರಲ್ಲಿ ಹೆಪ್ಪಿಗೆ ಮಜ್ಜಿಗೆ ಎತ್ತಿಡುತ್ತಾಳೆ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು, ಅಳಿಯ ಅತ್ತೆಮನೆಯ ಹೊಸ್ತಿಲು ದಾಟಬಾರದು ಎಂಬ ಶಾಸ್ತ್ರವಿದೆಯಲ್ಲ, ಅದರಲ್ಲಿ ಹುರುಳಿಲ್ಲವೆಂದು ಹೆತ್ತೂರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಭಾಷಣವನ್ನೇ ಮಾಡಿದೆ. ಅವ್ವ ಪೂರ್ತಿ ಕೇಳಿದಳು. ಕೇಳಿ, ನನ್ನ ಹೆಂಡತಿ ನಾಗುವಿನ ಟ್ರಂಕಿಗೆ ಬೀಗ ಹಾಕಿ ಕೊಟ್ಟಳು.

ನಾಗು ತವರಿಗೆ ಹೋದ ಮೇಲೆ ಮನೆಯಲ್ಲಿ ನನ್ನ ಮಾತಿಗೆ "ಅದು ಹೆಂಗೆ?" ಎಂದು ಕೇಳುವವರೇ ಇಲ್ಲವಾದರು. ಕನ್ನಡಿಯ ಚೌಕಟ್ಟಿಗೆ ಅವಳು ಬೆರಳು ಒರೆಸಿದ ಕುಂಕುಮದ ಗುರುತು ಹಾಗೇ ಇತ್ತು. ಗಡ್ಡ ಕೆರೆಯುವಾಗ ಅದನ್ನು ನೋಡುತ್ತ ಕೆನ್ನೆ ಕೊಯ್ದುಕೊಂಡೆ. ಕೊನೆಗೊಂದು ದಿನ ಆಲೂರಿನಲ್ಲಿ ಕೆಲಸವಿದೆಯೆಂದು ಹೊರಟವನು ಹೋಗಿ ಇಳಿದದ್ದು ಅವಳ ತವರು ಕೆ. ಹೊಸಕೋಟೆಯಲ್ಲಿ. ದಾಟಬಾರದ್ದು ಹೊಸ್ತಿಲನ್ನು ತಾನೆ, ಜಗಲಿಯ ಬಗ್ಗೆ ಶಾಸ್ತ್ರ ಏನೂ ಹೇಳಿಲ್ಲವಲ್ಲ! ಜಗಲಿಯಲ್ಲಿ ಕೂತೆ. ಅತ್ತೆಯವರು ಈ ವಾದ ಒಪ್ಪಿದರು, ಆದರೆ ನನ್ನ ಮುಖ ನೋಡದೆ ಬಾಗಿಲ ಮರೆಯಿಂದಲೇ ಯೋಗಕ್ಷೇಮ ಕೇಳಿದರು. ಮಗಳನ್ನೂ ಅಲ್ಲೇ ನಿಲ್ಲಿಸಿಕೊಂಡರು. ಹೊಸ್ತಿಲ ಆಚೆಯಿಂದ ಹಲಸಿನ ತೊಳೆಯ ತಟ್ಟೆಯೊಂದು ಹೊರಬಂತು, ಅದನ್ನು ಹಿಡಿದ ಹಸಿರು ಬಳೆಯ ಕೈ ಕಂಡಿತು. ತಟ್ಟೆ ಖಾಲಿಯಾದರೆ ಆ ಕೈ ಮತ್ತೆ ಬರುತ್ತದೆಂಬ ಸತ್ಯವನ್ನು ಪ್ರಯೋಗದಿಂದ ಕಂಡುಕೊಂಡೆ. ಪ್ರಯೋಗವನ್ನು ಅಗತ್ಯಕ್ಕಿಂತ ಹೆಚ್ಚು ಸಲ ಮಾಡಿದೆ. ಒಳಗಿನಿಂದ ನಾಗು, "ಸಾಕು ಕಣ್ರೀ, ಹೊಟ್ಟೆ ಕೆಡ್ತೈತೆ" ಎಂದಳು. ಆ ದನಿ ಕೇಳಿದ ಖುಷಿಗೆ ಇನ್ನೊಂದು ತಟ್ಟೆ ತಿಂದೆ.

ಮನೆಗೆ ಬಂದ ಮರುದಿನ ಬೆಳಗ್ಗೆ ವಾಂತಿ ಶುರುವಾಯಿತು, ಅದರ ಬೆನ್ನಿಗೆ ಭೇದಿ. ಈ ಎರಡನ್ನೂ ಒಟ್ಟಿಗೆ ಹೇಳಿದರೆ ನಮ್ಮ ಕಡೆ ಇವತ್ತಿಗೂ ನೆಂಟರು ಕಾಲರಾ ಎಂದು ದಾರಿ ಬದಲಿಸುತ್ತಾರೆ. ಸಕಲೇಶಪುರದ ಡಾಕ್ಟರ ಬಳಿ ಹೋಗೋಣವೆಂದರೆ ಆ ಸ್ಥಿತಿಯಲ್ಲಿ ಬಸ್ಸಿನಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಅವ್ವ ನನ್ನ ಅಂಗಿಯಲ್ಲಿ ಹಲಸಿನ ವಾಸನೆ ಹಿಡಿದಳು, ಎಲ್ಲಿ ತಿಂದೆ ಎಂದು ಕೇಳಲಿಲ್ಲ. ಹಣೆಗೂ ಹೊಟ್ಟೆಗೂ ವಿಭೂತಿ ಬಳಿದಳು. ಪಕ್ಕದ ಮನೆಯ ದೊಡ್ಡವ್ವ ಬಂದು, ಅದೇ ವಾಸನೆ ಹಿಡಿದು, ಇದು ಆಷಾಢ ಮುರಿದದ್ದರ ಫಲ, ಹೊಟ್ಟೆ ಒಣಗುವವರೆಗೆ ತೊಟ್ಟು ನೀರೂ ಕೊಡಬೇಡ ಎಂದು ತೀರ್ಪು ಕೊಟ್ಟಳು. ನಾನು ಚಾಪೆಯ ಮೇಲೆ ಎದ್ದು ಕೂತೆ. ಹೋಗುತ್ತಿರುವುದೇ ನೀರು, ಅದನ್ನು ತುಂಬದೆ ಒಣಗಿಸಿದರೆ ಉಳಿಯುವುದು ನಾನಲ್ಲ, ನನ್ನ ಸಂಡಿಗೆ ಎಂದು ವಾದಿಸಿದೆ. ನಡುವೆ ಹಿತ್ತಲಿಗೆ ಓಡಿಹೋಗಿ ಬಂದು, ಬಿಟ್ಟಲ್ಲಿಂದ ಮುಂದುವರಿಸಿದೆ. ಅವ್ವ ಮೊಟ್ಟಮೊದಲ ಬಾರಿಗೆ ನನ್ನ ಕಡೆ ಮತ ಹಾಕಿದಳು. ಗಂಜಿಯ ತಿಳಿಗೆ ಉಪ್ಪು ಹಾಕಿ ಚಮಚದಲ್ಲಿ ಗುಟುಕುಗುಟುಕಾಗಿ ಕುಡಿಸಿದಳು. ಕಕ್ಕಿದರೆ ಸ್ವಲ್ಪ ತಡೆದು ಮತ್ತೆ ಕುಡಿಸಿದಳು.

ಸೋತ ದೊಡ್ಡವ್ವ ಸುಮ್ಮನೆ ಹೋಗಲಿಲ್ಲ. "ಸಂಜೆಗೂ ನಿಲ್ದಿದ್ರೆ ನಾಗೂನ ಕರ್ಸ್ಬುಡು. ಜೀವಕ್ಕಿಂತ ಆಷಾಢ ದೊಡ್ಡದಲ್ಲ" ಎಂದಳು. ಅವ್ವ ಹೂಂಗುಟ್ಟಿದಳು.

ಆ ಕ್ಷಣದಿಂದ ಹೊಟ್ಟೆಯ ಬಗ್ಗೆ ನನಗೆ ಎರಡು ಅಭಿಪ್ರಾಯಗಳಾದವು. ಸಾಯುವ ಮನಸ್ಸಂತೂ ಇರಲಿಲ್ಲ, ಅವ್ವ ಕೆ. ಹೊಸಕೋಟೆಗೆ ಹೇಳಿ ಕಳಿಸುವ ತನಕ ಕೆಟ್ಟಿದ್ದರೆ ಸಾಕಿತ್ತು. ಆದರೆ ಗಂಜಿ ಆಗಲೇ ತನ್ನ ಕೆಲಸ ಹಿಡಿದಿತ್ತು. ಮಧ್ಯಾಹ್ನಕ್ಕೆ ವಾಂತಿ ನಿಂತಿತು. ದೀಪ ಹಚ್ಚುವ ಹೊತ್ತಿಗೆ ಭೇದಿಯೂ ನನ್ನ ಕೈಬಿಟ್ಟಿತು.

"ಅವ್ವ, ಇನ್ನೂ ಪೂರ್ತಿ ನಿಂತಿಲ್ಲ" ಎಂದೆ.

"ನಿಂತೈತೆ ಕಣೋ. ಆವಾಗಿಂದ ಹಿತ್ಲು ಬಾಗ್ಲಲ್ಲೇ ಕೂತಿದೀನಿ, ನೀನು ಈ ಕಡೆ ಬಂದೇ ಇಲ್ಲ."

ಒಳಗೆ ಒಂಥರಾ ಆಗುತ್ತಿದೆ ಎಂದೆ. ಸುಳ್ಳೇನಲ್ಲ. ಅವ್ವ ಕಂಬಳಿ ಎಳೆದು ಹೊದಿಸಿದಳು.

"ಅದು ಹೊಟ್ಟೆ ಅಲ್ಲ ಬಿಡು. ಮಲಕ್ಕೋ."

ದೊಡ್ಡವ್ವನ ಮಾತಿನಂತೆ ಒಣಗಿದ್ದರೆ ನಾಗು ಮರುದಿನದ ಬಸ್ಸಿಗೇ ಬಂದಿಳಿಯುತ್ತಿದ್ದಳೋ ಏನೋ. ಈ ಮನೆಯಲ್ಲಿ ನಾನು ಗೆದ್ದ ಒಂದೇ ಒಂದು ವಾದ ಅವಳನ್ನು ತವರಿನಲ್ಲೇ ಉಳಿಸಿತು. ಗೋಡೆಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ಶ್ರಾವಣ ಇನ್ನೂ ಬಂದಿಲ್ಲ. ಗಂಜಿ ಮಾತ್ರ ಹೊತ್ತುಹೊತ್ತಿಗೆ ಬರುತ್ತಿದೆ. ಬೇಡವೆಂದರೆ ಅವ್ವ ನನ್ನದೇ ವಾದವನ್ನು, ಒಂದು ಮಾತೂ ಬಿಡದೆ, ನನಗೇ ಒಪ್ಪಿಸಿ ಕುಡಿಸುತ್ತಾಳೆ.