ಬೆನ್ನು ಬಿದ್ದ ವಿಗ್ಗು

ದೇವರು ಕೂದಲು ಕೊಡುವಾಗ ಎಣಿಸಿ ಕೊಡುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಎಣಿಸುವುದಿಲ್ಲ. ಇದನ್ನು ಒಪ್ಪಿಕೊಂಡವನು ಸುಖಿ. ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರು ಒಪ್ಪಿಕೊಂಡಿರಲಿಲ್ಲ. ಹನ್ನೊಂದು ವರ್ಷದಿಂದ ಅವರ ತಲೆಯ ಮೇಲಿದ್ದದ್ದು ವಿಗ್ಗು. ಅದು ಗೊತ್ತಿದ್ದವರು ಇಬ್ಬರೇ: ಒಬ್ಬಳು ಹೆಂಡತಿ, ಇನ್ನೊಬ್ಬ ಪರಮಾತ್ಮ. ಇಬ್ಬರೂ ಎಲ್ಲಿಯೂ ಬಾಯಿ ಬಿಟ್ಟವರಲ್ಲ.

ಆ ದಿನದ ಅನಾಹುತಕ್ಕೆಲ್ಲ ಕಾರಣ ಗುಮಾಸ್ತರ ಬಲಗೈ ಹೆಬ್ಬೆರಳು. ಬೆಳಿಗ್ಗೆ ಕಾಫಿ ಕುಡಿಯುತ್ತ ಫೋನಿನಲ್ಲಿ ಹವಾಮಾನ ನೋಡುತ್ತಿದ್ದರು. ಮೋಡಗಳ ನಡುವಿನಿಂದ ಒಬ್ಬ ಗಂಡಸು ಧುತ್ತೆಂದು ಬಂದು ನಿಂತ. ತಲೆಯ ಬಲಭಾಗ ಬೋಳು, ಎಡಭಾಗ ಗುಂಗುರು. ಅಸಲಿಯನ್ನೂ ನಾಚಿಸುವ ವಿಗ್ಗು ತಮ್ಮಲ್ಲಿದೆ ಎಂದು ಅಡಿಯಲ್ಲಿ ಬರೆದಿತ್ತು. ಅವನನ್ನು ಕಳಿಸಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಗುರುತಿತ್ತು. ಹೆಬ್ಬೆರಳು ಅಲ್ಲಿಗೆ ಹೋಗದೆ ಅವನ ಮೂಗಿನ ಮೇಲೆ ಕೂತಿತು. ಅಂಗಡಿ ತೆರೆದುಕೊಂಡಿತು. ಸುಳ್ಳು ಯಾಕೆ ಹೇಳಬೇಕು, ತೆರೆದ ಮೇಲೆ ಗುಮಾಸ್ತರು ಐದು ನಿಮಿಷ ಒಳಗೆ ಸುತ್ತಾಡಿಯೂ ಬಂದರು.

ಕೆರೆಗೆ ಎಷ್ಟು ನೀರು ಬಂದೀತೆಂದು ತಿಳಿಯಲು ಆ ಕಚೇರಿಯಲ್ಲಿ ಎಲ್ಲರೂ ಮೊದಲು ಹವಾಮಾನದ ಪುಟ ತೆರೆಯುವುದು ರೂಢಿ. ಗುಮಾಸ್ತರು ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ತೆರೆದರು. ಅದೇ ಗಂಡಸು. ಒಂದು ಸಲ ಮುಚ್ಚಿದರೆ ಎರಡು ಸಲ ಬಂದ, ಹೆಣ್ಣು ಕೊಟ್ಟವರ ಮನೆಗೆ ಬಂದ ಬೀಗರ ಹಾಗೆ ಕಾಲು ಚಾಚಿ ಕೂತ. ಮೂರನೆಯ ಸಲಕ್ಕೆ ಮಾತೂ ಆಡಿದ: "ಬೊಕ್ಕತಲೆಯ ಚಿಂತೆಯೇ, ಅಣ್ಣಾ?"

ಕಿಟಕಿಯಾಚೆ ಅಜ್ಜಿಯೊಬ್ಬರು ಮೂರು ದಿನದಿಂದ ನಲ್ಲಿಯಲ್ಲಿ ನೀರಿಲ್ಲವೆಂದು ಹೇಳಲು ಬಂದು ನಿಂತಿದ್ದರು. ಅವರು ಪರದೆಯನ್ನು ನೋಡಿದರು, ಗುಮಾಸ್ತರ ತಲೆಯನ್ನು ನೋಡಿದರು.

"ಇಷ್ಟು ಸೊಂಪಾಗಿ ಕೂದ್ಲಿಟ್ಕೊಂಡು ಇದ್ಯಾಕಪ್ಪಾ ನಿಂಗೆ? ಕೊಟ್ಟವನಿಗೆ ಬೇಜಾರಾಗುತ್ತೆ."

ಗುಮಾಸ್ತರ ಕಿವಿ ಕಾದ ಹೆಂಚಾಯಿತು. ತಲೆ ಎತ್ತದೆ ದೂರು ಬರೆದುಕೊಂಡರು, ಗಾಬರಿಯಲ್ಲಿ 'ನಲ್ಲಿಯಲ್ಲಿ ಕೂದಲು ಬರುತ್ತಿಲ್ಲ' ಎಂದು.

ಟಪಾಲು ನೋಡುವವರಿಗೆ ಆ ಕಚೇರಿಯಲ್ಲಿ ಡಂಗುರ ಎಂದೇ ಹೆಸರು. ಅವರು ಇತ್ತ ಕತ್ತು ಚಾಚುವಷ್ಟರಲ್ಲಿ ಗುಮಾಸ್ತರು ಎದ್ದು, ಪೈಪುಗಳನ್ನು ಒಟ್ಟಿದ್ದ ಉಗ್ರಾಣ ಸೇರಿ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಬಾಮೈದನಿಗೆ ಪಿಸುಮಾತಿನಲ್ಲಿ ಫೋನು ಮಾಡಿದರು. ಒಮ್ಮೆ ಮುಟ್ಟಿದ್ದನ್ನು ಇಂಟರ್‌ನೆಟ್ಟು ಮರೆಯುವುದಿಲ್ಲ, ಹೋದಲ್ಲೆಲ್ಲ ಬೆನ್ನು ಹತ್ತುತ್ತದೆ ಎಂದು ಅವನು ವಿವರಿಸಿದ. ಅದಕ್ಕೆ ಆ್ಯಡ್ ಬ್ಲಾಕರ್ ಎಂಬ ಮದ್ದಿದೆ, ಹಾಕಿಕೊಂಡರೆ ಒಂದು ಜಾಹೀರಾತೂ ಹತ್ತಿರ ಸುಳಿಯದು ಎಂದ. ಆಮೇಲೆ ದನಿ ತಗ್ಗಿಸಿದ.

"ಭಾವ, ಅಂಥಾದ್ದೇನು ನೋಡಿದ್ರಿ?"

"ಏನಿಲ್ಲಪ್ಪ. ಸೋಪಿಂದು."

"ಸೋಪಿಗೆ ಯಾರಾದ್ರೂ ಹೀಗೆ ಪಿಸುಗುಡ್ತಾರಾ? ಇರ್ಲಿ ಬಿಡಿ, ಅಕ್ಕಂಗೆ ಹೇಳಲ್ಲ."

ಮಾಡದ ಪಾಪಕ್ಕೆ ಕ್ಷಮೆ ಸಿಕ್ಕಾಗ ಆಗುವ ನಾಚಿಕೆ ದೊಡ್ಡದು. ಅದನ್ನೂ ನುಂಗಿಕೊಂಡು ಗುಮಾಸ್ತರು ಮೇಜಿಗೆ ಮರಳಿ, ಅವನು ಹೇಳಿದಲ್ಲೆಲ್ಲ ಒತ್ತಿದರು. ಪರದೆ ಗುಡಿಸಿ ಸಾರಿಸಿದ ಅಂಗಳದಂತಾಯಿತು. ಬರೀ ಮೋಡ, ಬರೀ ಮಳೆ. ಅವರು ಮೇಜಿನಡಿಯಲ್ಲೇ ಕೈಮುಗಿದರು.

ಮುಗಿದ ಕೈ ಬಿಡಿಸುವ ಮೊದಲೇ ಎಂಜಿನಿಯರ್ ಸಾಹೇಬರು ಕೋಣೆಯಿಂದ ಹೊರಗೆ ಬಂದರು. ಅವರದು ಬಚ್ಚಿಟ್ಟ ಬೋಳಲ್ಲ, ಹುಣಿಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯಂಥ ಬಹಿರಂಗ ಬೋಳು. ಈಗ ಅದು ಕೆಂಪಾಗಿತ್ತು. ಬೆಳಗಿನಿಂದ ತಮ್ಮ ಕಂಪ್ಯೂಟರಿಗೆ ಯಾರೋ ಬೇಕೆಂದೇ ವಿಗ್ಗಿನ ಜಾಹೀರಾತು ಬಿಡುತ್ತಿದ್ದಾರೆ, ಅದು ಯಾರೆಂದು ಈಗಲೇ ತಿಳಿಯಬೇಕು ಎಂದರು. ಡಂಗುರ ಓಡಿ ಬಂದು ತಮ್ಮ ಪರದೆ ತೋರಿಸಿದರು, ಅಲ್ಲೂ ಅದೇ ಗಂಡಸು. ಮೀಟರಿನವರದರಲ್ಲೂ ಅವನೇ. ದೂರು ಗುಮಾಸ್ತರದರಲ್ಲಿ ಮಾತ್ರ ಮಳೆ ಬರುತ್ತಿತ್ತು.

"ಬಾಣ ಬಿಟ್ಟವನಿಗೆ ಬಾಣ ತಾಗಲ್ಲ ನೋಡಿ ಸಾರ್," ಎಂದರು ಡಂಗುರ.

ಸಾಹೇಬರು ಬಹಳ ಹೊತ್ತು ಗುಮಾಸ್ತರ ಕೂದಲನ್ನೇ ನೋಡಿದರು. "ತಲೆ ತುಂಬ ಇದೆ ಅಂತ ತಾನೇ ಈ ಕೊಬ್ಬು? ನಾಳೆಯಿಂದ ಗುಡ್ಡದ ಮೇಲಿನ ಪಂಪ್‌ಹೌಸಿಗೆ ಹೋಗಿ."

ಗುಡ್ಡದ ಮೇಲೆ ಬೀಸುವುದು ಎಂಥ ಗಾಳಿಯೆಂದರೆ, ಅಲ್ಲಿ ಕರುಗಳನ್ನೂ ಎರಡು ಹಗ್ಗದಲ್ಲಿ ಕಟ್ಟುತ್ತಾರೆ. ವಿಗ್ಗು ಮೊದಲ ದಿನವೇ ಕೆರೆ ಸೇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಜಾಹೀರಾತು ತನ್ನಿಂದಲೇ ಕಚೇರಿಗೆಲ್ಲ ಹರಡಿತೆಂಬ ಅಪರಾಧಿ ಭಾವ ಗುಮಾಸ್ತರನ್ನು ಒಳಗೇ ಕೊರೆಯುತ್ತಿತ್ತು. ನೀರಿನ ಇಲಾಖೆಯಲ್ಲಿ ಬೆಳೆದ ಬುದ್ಧಿ ಅವರದು. ಎಲ್ಲೋ ಒಂದು ಕಡೆ ಪೈಪು ಒಡೆದು ಕೊಳೆ ಸೇರಿದರೆ ಬೀದಿಯ ಅಷ್ಟೂ ನಲ್ಲಿಗೆ ಕೊಳೆನೀರು. ಕಚೇರಿಯ ಕಂಪ್ಯೂಟರುಗಳೆಲ್ಲ ಇರುವುದೂ ಒಂದೇ ಇಂಟರ್‌ನೆಟ್ಟಿನ ಸಾಲಿನಲ್ಲಿ. ತಾನು ತನ್ನ ನಲ್ಲಿಗೆ ಮಾತ್ರ ಬಿರಡೆ ಹಾಕಿಕೊಂಡು ಕೊಳೆಯನ್ನೆಲ್ಲ ಸಾಹೇಬರ ಮನೆಗೆ ತಿರುಗಿಸಿದ್ದೇನೆ.

"ತಪ್ಪು ನಂದೇ ಸಾರ್," ಎಂದರು. "ಅಣಕಿಸೋಕಲ್ಲ. ಬೆಳಿಗ್ಗೆ ನನಗೋಸ್ಕರ ಅಂಗಡಿ ನೋಡಿದ್ದೆ." ಎರಡೂ ಕೈಯಿಂದ ವಿಗ್ಗನ್ನು ಎತ್ತಿ, ದೇವರ ಮುಂದೆ ಪೇಟ ಇಡುವವರಂತೆ ಮೇಜಿನ ಮೇಲಿಟ್ಟರು.

ಮೇಲೆ ಫ್ಯಾನು ತಿರುಗುತ್ತಿತ್ತು. ಹನ್ನೊಂದು ವರ್ಷದಿಂದ ಗಾಳಿ ಕಾಣದ ನೆತ್ತಿಗೆ ಆ ಗಾಳಿ ತಣ್ಣಗೆ ತಾಗಿತು. ಗುಮಾಸ್ತರು ನೆಲ ಬಾಯಿ ಬಿಡಲೆಂದು ಕಾದರು.

ನೆಲ ಬಿಡಲಿಲ್ಲ, ಬಾಗಿಲು ತೆರೆಯಿತು. ಅರ್ಧ ದಿನ ರಜೆ ಹಾಕಿದ್ದ ಟೈಪಿಸ್ಟಮ್ಮ ಆಗ ತಾನೇ ಬಂದವರು, ಗುಂಪು ಕಂಡು ವಿಷಯ ಕೇಳಿದರು. ಕೇಳಿ ನಕ್ಕುಬಿಟ್ಟರು.

"ಅಯ್ಯೋ, ಆ ಹವಾಮಾನದ ಪುಟದಲ್ಲಿ ಇವತ್ತು ಎಲ್ಲರಿಗೂ ಅದೇ ಬರ್ತಿದೆ. ಬಸ್ಸಲ್ಲೆಲ್ಲ ಅದೇ ಕೂಗು, ನಮ್ಮತ್ತೆ ಫೋನಲ್ಲೂ ಅದೇ. ಯಾರು ಒತ್ತಿದ್ರೂ ಬರುತ್ತೆ, ಒತ್ತದಿದ್ರೂ ಬರುತ್ತೆ." ಆಗ ಅವರ ಕಣ್ಣು ಮೇಜಿನ ಮೇಲೆ ಬಿತ್ತು, ಅಲ್ಲಿಂದ ಗುಮಾಸ್ತರ ತಲೆಯ ಮೇಲೆ. ನಗು ಅಲ್ಲಿಗೇ ನಿಂತಿತು.

ಆಡಿದ ಮಾತನ್ನು ಹೇಗೋ ತಿರುಚಬಹುದು, ತೆಗೆದಿಟ್ಟ ಕೂದಲನ್ನು ತಿರುಚಲಾಗುವುದಿಲ್ಲ. ಗುಮಾಸ್ತರು ಅದನ್ನು ಸತ್ತ ಅಳಿಲಿನಂತೆ ಕೈಯಲ್ಲಿ ಹಿಡಿದು, ಹಾಕಿಕೊಳ್ಳುವುದೋ ಬಿಡುವುದೋ ತಿಳಿಯದೆ ನಿಂತರು. ಸಾಹೇಬರು ಅವರನ್ನು ಮೆಲ್ಲಗೆ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ವಿಗ್ಗನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು.

"ಜಾಹೀರಾತನ್ನ ನಾನು ಯಾವತ್ತೂ ನಂಬೋನಲ್ಲ ಕಣ್ರೀ," ಎಂದರು. "ಆದ್ರೆ ಇಷ್ಟು ವರ್ಷ ನನ್ನ ಕಣ್ಣೆದುರೇ ಓಡಾಡ್ತಿದ್ರಿ, ನಂಗೆ ಗೊತ್ತೇ ಆಗಿಲ್ವಲ್ಲ. ಎಲ್ಲಿ ತಗೊಂಡ್ರಿ?"

ಸಂಜೆ ನಾಲ್ಕಕ್ಕೆ ದೂರಿನ ಕಿಟಕಿಯ ಮುಂದೆ ಒಂಬತ್ತು ಜನರ ಸಾಲಿತ್ತು. ಒಬ್ಬರಿಗೂ ನೀರಿನ ತೊಂದರೆ ಇರಲಿಲ್ಲ. ಪಕ್ಕದ ಕಚೇರಿಗಳಿಗೆಲ್ಲ ಹೋಗಿಬಂದ ಡಂಗುರ ಬಾಗಿಲಲ್ಲಿ ನಿಂತು, ಒಬ್ಬೊಬ್ಬರಾಗಿ ಬನ್ನಿ, ತೆಗೆದೂ ತೋರಿಸ್ತಾರೆ, ಹಾಕಿಯೂ ತೋರಿಸ್ತಾರೆ ಎಂದು ಸಾಲು ಸರಿಮಾಡುತ್ತಿದ್ದರು. ಏಳನೆಯ ಸಲ ತೆಗೆದು ಹಾಕಿದ ಮೇಲೆ ಗುಮಾಸ್ತರು ಎದ್ದು ಸಾಹೇಬರ ಬಾಗಿಲು ತಟ್ಟಿದರು.

"ಸಾರ್, ಆ ಪಂಪ್‌ಹೌಸಿನ ಆರ್ಡರು…"

"ಅದನ್ನ ಆಗ್ಲೇ ಹರಿದು ಹಾಕ್ದೆ," ಎಂದರು ಸಾಹೇಬರು ಪ್ರೀತಿಯಿಂದ. "ನೀವು ಇಲ್ಲೇ ಇರ್ಬೇಕು. ನಾಳೆ ಹತ್ತು ಗಂಟೆಗೆ ಚೀಫ್ ಎಂಜಿನಿಯರ್ ಬರ್ತಿದ್ದಾರೆ, ಅವರಿಗೂ ಒಂದ್ಸಲ ತೋರಿಸ್ಬೇಕು."