ರಕ್ತದ ಗ್ಯಾಸೂ ನನ್ನ ತಲೆಯಾಟವೂ

ಅರ್ಥವಾಗದ ಮಾತಿಗೆ ಅರ್ಥವಾದವನ ಹಾಗೆ ತಲೆಯಾಡಿಸುವುದು ನಮ್ಮ ಮನೆತನದ ವಿದ್ಯೆ. ಚಾಮರಾಜಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿಯಿದೆ. ಅರಿಶಿನ, ಕುಂಕುಮ, ಕರ್ಪೂರದಿಂದ ಹಿಡಿದು ನನಗೇ ಹೆಸರು ನೆನಪಿರದ ಬೇರುನಾರುಗಳವರೆಗೆ ಎಲ್ಲವನ್ನೂ ಮಾರುತ್ತೇವೆ. ಗಿರಾಕಿ ತನ್ನ ಮೊಣಕಾಲಿನ ಪುರಾಣ ಹೇಳಲಿ, ಮೊಮ್ಮಗನ ಜಾತಕ ಬಿಚ್ಚಲಿ, ನಡುವೆ ಪ್ರಶ್ನೆ ಕೇಳಬಾರದು, ತಲೆಯಾಡಿಸುತ್ತ ಪೊಟ್ಟಣ ಕಟ್ಟುತ್ತಿರಬೇಕು ಎಂದು ನಮ್ಮಪ್ಪ ಕಲಿಸಿದ್ದರು. ಈ ವಿದ್ಯೆ ಅಂಗಡಿಯಲ್ಲಿ ಎಂದೂ ಕೈಕೊಟ್ಟಿರಲಿಲ್ಲ. ಮನೆಯಲ್ಲಿ ಕೈಕೊಟ್ಟಿತು.

ನನ್ನ ಹೆಂಡತಿ ಗಿರಿಜಾ ನರ್ಸು. ವರ್ಷಗಟ್ಟಲೆ ವಾರ್ಡುಗಳಲ್ಲಿ ಓಡಾಡಿದವಳು ಈಗ ಮೇಲಿನ ಡಿಗ್ರಿಗೆಂದು ಮತ್ತೆ ಕಾಲೇಜು ಸೇರಿದ್ದಾಳೆ. ಅಲ್ಲೊಂದು ಪದ್ಧತಿಯುಂಟು. ಓದುವವರೇ ಕಿರಿಯ ವಿದ್ಯಾರ್ಥಿನಿಯರಿಗೆ ಪಾಠ ಮಾಡಿ ತೋರಿಸಬೇಕು, ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ಅಂಕ ಹಾಕುತ್ತಾರೆ. ಮೊದಲ ಸಲ ಗಿರಿಜಾ ಪಾಠ ಮಾಡಿದಾಗ ಅರ್ಧ ಕ್ಲಾಸು ತೂಕಡಿಸಿತಂತೆ. ನಿಮಗೆ ವಿಷಯ ಗೊತ್ತು, ಆದರೆ ಅದು ನಿಮ್ಮಲ್ಲೇ ಉಳಿದುಬಿಡುತ್ತದೆ ಎಂದು ಮೇಡಂ ಫೇಲು ಮಾಡಿದರು. ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷವೇ ದಂಡ. ಪಾಪ, ಈ ಸಲ ಅವಳ ಪಾಲಿಗೆ ಬಂದ ವಿಷಯ ಎ.ಬಿ.ಜಿ. ರಿಪೋರ್ಟು ಓದುವುದು. ಮಣಿಕಟ್ಟಿನಲ್ಲಿ ನಾಡಿ ಬಡಿಯುವ ಕಡೆಯಿಂದ ರಕ್ತ ತೆಗೆದು, ಅದರಲ್ಲಿ ಆಮ್ಲವೆಷ್ಟು, ಗ್ಯಾಸೆಷ್ಟು ಎಂದು ನೋಡುತ್ತಾರಂತೆ. ನಿಮಗೆ ಅರ್ಥವಾದರೆ ಲೋಕದಲ್ಲಿ ಯಾರಿಗಾದರೂ ಆಗುತ್ತದೆ ಎಂದು ಭಾನುವಾರ ಮಧ್ಯಾಹ್ನ ನನ್ನನ್ನು ಹಿಡಿದು ಕೂರಿಸಿದಳು. ಅದು ಹೊಗಳಿಕೆಯಲ್ಲ ಎನ್ನುವುದೊಂದೇ ಅಂದು ನನಗೆ ಪೂರ್ತಿ ಅರ್ಥವಾದ ಸಂಗತಿ.

ಮೊದಲನೆಯದು ಪಿ.ಎಚ್. ಅದು ಏಳು ಪಾಯಿಂಟ್ ಮೂವತ್ತೈದರಿಂದ ನಲವತ್ತೈದರೊಳಗಿದ್ದರೆ ಸರಿ. ಕಡಿಮೆಯಾದರೆ ಆಮ್ಲ ಜಾಸ್ತಿ ಎಂದಳು. ಕಡಿಮೆಯಾದರೆ ಜಾಸ್ತಿ ಹೇಗಾದೀತು? ನಮ್ಮ ತಕ್ಕಡಿ ಹೀಗೆ ಆಡಿದರೆ ತೂಕ ಅಳತೆ ಇಲಾಖೆಯವರು ಹೊತ್ತುಕೊಂಡು ಹೋಗುತ್ತಾರೆ. ಕೇಳೋಣ ಎಂದುಕೊಳ್ಳುವಷ್ಟರಲ್ಲಿ ತಲೆ ಆಗಲೇ ಆಡಿಬಿಟ್ಟಿತ್ತು. ಆಮೇಲೆ ಇಂಗಾಲದ ಡೈಆಕ್ಸೈಡು. ಅದೂ ಮೂವತ್ತೈದರಿಂದ ನಲವತ್ತೈದು. ಬೇರೆ ಸಂಖ್ಯೆಗಳಿಗೇನು ಬರವಿತ್ತೋ ಕಾಣೆ. ಅದು ಏರಿ ಪಿ.ಎಚ್. ಇಳಿದರೆ ತೊಂದರೆ ಉಸಿರಾಟದ್ದು. ಮೂರನೆಯದು ಆಮ್ಲವನ್ನು ತಣಿಸುವ ಬೈಕಾರ್ಬನೇಟು. ಅದೂ ಪಿ.ಎಚ್ಚೂ ಜೊತೆಯಲ್ಲೇ ಇಳಿದರೆ ತೊಂದರೆ ದೇಹದ ಉಳಿದ ಕಾರುಬಾರಿನದು. ಒಂದು ಕೆಡಿಸಿದರೆ ಇನ್ನೊಂದು ಸರಿದೂಗಿಸಲು ಓಡಿ ಬರುತ್ತದೆ. ಶ್ವಾಸಕೋಶ ಬೇಗ, ಮೂತ್ರಪಿಂಡ ನಿಧಾನ. ನಾನು ಒಂದೊಂದಕ್ಕೂ ಒಂದೊಂದು ಬೆರಳಿಟ್ಟುಕೊಂಡು ಏರಿಸಿ ಇಳಿಸಿ ನೋಡಿದೆ. ಕೊನೆಗೆ ಯಾವ ಬೆರಳು ಯಾರದೆಂಬುದೇ ಮರೆತುಹೋಯಿತು.

"ಗೊತ್ತಾಯ್ತೇನ್ರೀ?" ಎಂದಳು.

"ಓ, ಚೆನ್ನಾಗಿ ಗೊತ್ತಾಯ್ತು," ಎಂದೆ. ಇಲ್ಲವೆಂದರೆ ಮೊದಲಿನಿಂದ ಶುರು ಮಾಡಿಯಾಳೆಂಬ ಹೆದರಿಕೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕಾಫಿ ಮಾಡಲು ಎದ್ದು ಹೋದಳು.

ಸೋಮವಾರ ಅವಳು ಪಾಠ ಮಾಡಲು ಹೊರಟ ಮೇಲೆ ನೋಡುತ್ತೇನೆ, ಬಣ್ಣ ಬಣ್ಣದಲ್ಲಿ ಬರೆದಿದ್ದ ಚಾರ್ಟು ಸೋಫಾದ ಮೇಲೇ ಇದೆ. ಚಾರ್ಟಿಗೂ ಅಂಕವುಂಟು. ಅಂಗಡಿ ತೆರೆಯುವುದು ಹಾಳಾಗಲಿ ಎಂದು ಸ್ಕೂಟರು ಹತ್ತಿ, ಮಾರ್ಕೆಟ್ಟಿನ ಬಸ್ಸುಗಳ ಸಂದಿಯಲ್ಲಿ ನುಸುಳಿ ಕಾಲೇಜು ಮುಟ್ಟಿದಾಗ ಪಾಠ ಶುರುವಾಗಿತ್ತು. ನಮ್ಮ ಯಜಮಾನರು ಎಂದು ಗಿರಿಜಾ ಸಂಕೋಚದಿಂದ ಪರಿಚಯಿಸಿ ಚಾರ್ಟು ತೆಗೆದುಕೊಂಡಳು. ಮಧ್ಯದಲ್ಲಿ ಎದ್ದು ಓಡಾಡಬೇಡಿ ಎಂದು ಮೇಡಂ ನನ್ನನ್ನು ತಮ್ಮ ಪಕ್ಕದ ಬೆಂಚಿನಲ್ಲೇ ಕೂರಿಸಿದರು. ಮುಂದೆ ಆಗಲೇ ನಾಲ್ಕಾರು ಜಡೆಗಳು ತೂಗುತ್ತಿದ್ದವು.

ಆಗ ಒಬ್ಬಳು ಹುಡುಗಿ ಎದ್ದು ನಿಂತಳು. ಪಿ.ಎಚ್. ನಾರ್ಮಲ್ಲಾಗಿದೆ, ಉಳಿದೆರಡೂ ಏರಿವೆ, ಹಾಗಾದರೆ ಪೇಷೆಂಟು ಚೆನ್ನಾಗಿದ್ದಾರೆ ಅಂತ ತಾನೇ ಎಂದು ಕೇಳಿದಳು. ಗಿರಿಜಾ ಚಾರ್ಟಿನ ಕಡೆ ತಿರುಗಿದಳು. ಮೇಡಂ ಪೆನ್ನು ಎತ್ತಿದರು. ನಾನು ಬನಶಂಕರಿಗೆ ಹರಕೆ ಹೊತ್ತೆ. ಗಿರಿಜಾಳ ಕಣ್ಣು ಸುತ್ತಾಡಿ ನನ್ನ ಮೇಲೆ ಬಂದು ನಿಂತಿತು.

"ಚೆನ್ನಾಗಿಲ್ಲ. ಒಬ್ಬರು ಕೆಡಿಸಿದ್ದನ್ನ ಇನ್ನೊಬ್ಬರು ಸರಿದೂಗಿಸ್ತಿದಾರೆ ಅಷ್ಟೇ," ಎಂದಳು. "ನಿನ್ನೆ ಇದೇ ಪಾಠ ಮನೇಲಿ ಮಾಡ್ದೆ. ಇವರಿಗೆ ಒಂದಕ್ಷರ ತಲೆಗೆ ಹೋಗ್ಲಿಲ್ಲ, ಆದ್ರೂ ತಲೆಯಾಡಿಸಿದ್ರು. ಅದು ನಂಗೆ ಗೊತ್ತಿತ್ತು, ಆದ್ರೂ ನಂಬಿದ ಹಾಗೆ ಕಾಫಿ ಮಾಡ್ಕೊಟ್ಟೆ. ಹೊರಗಿಂದ ನೋಡಿದ್ರೆ ಮನೆ ನಾರ್ಮಲ್. ಒಳಗೆ ಇಬ್ಬರದ್ದೂ ಏರಿರುತ್ತೆ. ಅದಕ್ಕೇ ಪಿ.ಎಚ್. ಒಂದನ್ನೇ ನೋಡಿ ಪೇಷೆಂಟನ್ನ ಬಿಟ್ಟು ಬರ್ಬೇಡಿ."

ಜಡೆಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ತೂಕಡಿಸುವವರು ಒಬ್ಬರೂ ಉಳಿಯಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು. ಜೊತೆಗೇ ಅವಳ ಬಗ್ಗೆ ಎಂಥದೋ ಹೆಮ್ಮೆಯೂ ಉಕ್ಕಿತು. ಈ ಸಲ ಪಾಠ ಕ್ಲಾಸಿಗೆ ಮುಟ್ಟಿದೆ, ನೀವು ಪರೀಕ್ಷೆಗೆ ಕೂರಬಹುದು ಎಂದು ಮೇಡಂ ಅಲ್ಲೇ ಹೇಳಿದರು. ಆಮೇಲೆ ನಗು ತಡೆದುಕೊಂಡು ನನ್ನತ್ತ ತಿರುಗಿ, ನಿಮಗೂ ಈಗ ಅರ್ಥವಾಯಿತೇ ಎಂದು ಕೇಳಿದರು.

ದೇವರಾಣೆ, ಜೀವಮಾನದಲ್ಲೇ ಮೊದಲ ಬಾರಿಗೆ ನನಗೆ ನಿಜವಾಗಿಯೂ ಅರ್ಥವಾಗಿತ್ತು. ಜೋರಾಗಿ ತಲೆಯಾಡಿಸಿದೆ. ಇಡೀ ಕ್ಲಾಸಿನಲ್ಲಿ ಒಬ್ಬರೂ ನಂಬಲಿಲ್ಲ.